ಸಾಂಬ್ರಾಣಿ ಹೊಗೆಯ ಟೋಪಿ

ಬಸ್ಸು ಪಿರಿಯಾಪಟ್ಟಣ ಬಿಟ್ಟಾಗಿನಿಂದ ನನ್ನ ತೊಡೆಯ ಮೇಲಿನ ಚೀಲದಿಂದ ಸಾಂಬ್ರಾಣಿ ವಾಸನೆ ಬರುತ್ತಲೇ ಇದೆ. ಒಳಗಿರುವುದು ಒಂದು ತಗಡಿನ ಟೋಪಿ, ಅದಕ್ಕೊಂದು ಗೇಣುದ್ದದ ಹೊಗೆಕೊಳವೆ. ಪಕ್ಕದ ಸೀಟಿನವರು ಆಗಲೇ ಮೂಗಿಗೆ ಸೆರಗು ಹಿಡಿದಿದ್ದಾರೆ. ನನಗೆ ಮಾತ್ರ ಅಕ್ಕ ಇಲ್ಲೇ ಕೂತು ಚಡಪಡಿಸುತ್ತಿದ್ದಾಳೆ ಅನ್ನಿಸುತ್ತಿದೆ...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಹಾರನಹಳ್ಳಿಯಲ್ಲಿ ನಾನು ಟೈಲರಿಂಗ್ ಮಾಡುವ ಮನೆಯ ಪಕ್ಕದವಳು. ಗಂಡ ಹೆಂಡತಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಹಿತ್ತಲಲ್ಲೇ, ಒಲೆಯ ಬಿಸಿಯನ್ನು ಪೈಪುಗಳಲ್ಲಿ ಹಾಯಿಸಿ ಸೊಪ್ಪು ಹದಮಾಡುವ ಕೋಣೆ, ಬ್ಯಾರನ್ನು. ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಯಾರದೋ ಫೋನಿನಲ್ಲಿ ಒಮ್ಮೆ ಸ್ಟೀಮ್‌ಪಂಕ್ ವೇಷಗಳನ್ನು ನೋಡಿದಳು. ಹಬೆ ಇಂಜಿನ್ನಿನ ಕಾಲ ಮುಗಿಯದೆ ಹಾಗೇ ಮುಂದುವರಿದಿದ್ದರೆ ಜನ ಏನು ತೊಡುತ್ತಿದ್ದರೋ, ಅದನ್ನು ಹಿತ್ತಾಳೆ, ತಗಡು, ಗಡಿಯಾರದ ಚಕ್ರಗಳಲ್ಲಿ ಮಾಡುವ ಹುಚ್ಚು ಅದು. ಅಂದಿನಿಂದ ಅವಳಿಗೆ ಅದೇ ಗೀಳು. ಬ್ಯಾರನ್ನಿನ ತುಕ್ಕು ಹಿಡಿದ ಪೈಪು ಕತ್ತರಿಸಿ ಟೋಪಿ ಮಾಡಿದಳು. ಕೊಳವೆಯಿಂದ ನಿಜವಾದ ಹೊಗೆ ಬರಬೇಕಲ್ಲ, ಒಳಗೆ ಸಾಂಬ್ರಾಣಿ ಬಟ್ಟಲು ಇಟ್ಟಳು. ಹಳೇ ಹಿತ್ತಾಳೆ ಬಳೆಗಳಿಗೆ ಗಾಜು ಕೂರಿಸಿ ಕನ್ನಡಕವನ್ನೂ ಮಾಡಿದಳು. ಕಂದು ರೆಕ್ಸಿನ್ ಕೋಟು ಹೊಲಿದವಳು ನಾನು. ಅಳತೆಗೆ ನಿಲ್ಲು ಅಂದರೆ ನಿಲ್ಲದೆ ಗುಂಡುಪಿನ್ನು ಚುಚ್ಚಿಸಿಕೊಳ್ಳುತ್ತಿದ್ದಳು.

"ಒಲೆ ಪೈಪ್ ತಲೆಮ್ಯಾಲ್ ಮಡಿಕಂಡು ಎತ್ತಗ್ ವೊಂಟೆ?" ಅಂತ ಗಂಡ ಛೇಡಿಸುತ್ತಿದ್ದ. ಊರವರ ನಗು ಅಷ್ಟು ಹಗುರವಾಗಿರಲಿಲ್ಲ. ಅದಕ್ಕೇ, ಇಂಥ ಹುಚ್ಚಿನವರೆಲ್ಲ ವೇಷ ತೊಟ್ಟು ಮೈಸೂರಿನಲ್ಲಿ ಸೇರುತ್ತಾರಂತೆ, ಟೋಪಿಯ ಫೋಟೋ ನೋಡಿ ತನ್ನನ್ನೂ ಕರೆದಿದ್ದಾರೆ ಅಂತ ಹೇಳಿದ ದಿನ ಅವಳ ಮುಖ ನೋಡಬೇಕಿತ್ತು. ತನ್ನಂಥವರನ್ನು ಒಂದು ಸಲ ಕಣ್ಣಾರೆ ನೋಡಬೇಕು, ಅವಳ ಆಸೆ ಅಷ್ಟೇ.

ಆದರೆ ಮೈಸೂರಿಗೆ ಹೋಗಬೇಕಾದ ದಿನವೇ ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಸೊಪ್ಪು ಹಳದಿಗೆ ತಿರುಗುವ ಹೊತ್ತಿನಲ್ಲಿ ಕಾವು ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಒಲೆ ಬಿಟ್ಟು ಏಳುವ ಹಾಗಿಲ್ಲ. ಗಂಡ ಹದವಾದ ಸೊಪ್ಪಿನ ಬೇಲು ಹೇರಿಕೊಂಡು ಹರಾಜಿಗೆ ಹೋಗಿದ್ದ.

"ನಾ ನೋಡ್ಕತೀನಿ, ನೀ ವೋಗಕ್ಕ" ಅಂದೆ.

ಮನೆಯಿಂದಲೇ ವೇಷ ತೊಟ್ಟು ಹೊರಟಳು. ಬೀದಿಯವರೆಗೆ ಹೋಗಿ ವಾಪಸ್ ಬಂದು ಥರ್ಮಾಮೀಟರ್ ನೋಡಿದಳು, ಮತ್ತೆ ಹೊರಟಳು.

ಮಧ್ಯಾಹ್ನ ನೋಡಿದರೆ ಅವಳೇ ಎದುರು ನಿಂತಿದ್ದಳು, ಕೋಟಿನೊಳಗೆ ಬೆವತು ಹೋಗಿ. ಅರ್ಧ ದಾರಿಗೆ, ಹುಣಸೂರಿನಲ್ಲೇ ಬಸ್ ಇಳಿದುಬಿಟ್ಟಿದ್ದಳು.

"ಒಲೆ ಕಣ್ ಮುಂದೆ ಬತ್ತಿತ್ತು ಕಣಮ್ಮಿ. ಕೂರಕಾಗ್ನಿಲ್ಲ."

ಗಾಜಿನ ಕಿಂಡಿಯಿಂದ ಒಳಗೆ ನೋಡಿದಳು. ಕಾವು ಸರಿಯಾಗಿತ್ತು, ಸೊಪ್ಪು ಚೆನ್ನಾಗಿ ಬಣ್ಣ ತಿರುಗುತ್ತಿತ್ತು. ಸಮಾಧಾನವಾಗಬೇಕಿತ್ತಲ್ಲವೇ? "ನೆಟ್ಟಗೇ ನೋಡ್ಕಂಡಿದ್ದೀಯಲ್ಲ" ಅಂದಳು, ಬೈದ ಹಾಗೆ. ಟೋಪಿ ಕೂಡ ತೆಗೆಯದೆ ಒಲೆಗೆ ಸೌದೆ ತುರುಕುತ್ತ ಕೂತಳು. ನನಗೆ ಅಳು ಬಂತು.

ಮುಂದಿನ ಸಲ ಹೋಗೇ ಹೋಗ್ತೀನಿ ಅನ್ನುತ್ತಿದ್ದಳು. ಆ ಮುಂದಿನ ಸಲ ಬರುವಷ್ಟರಲ್ಲಿ ಹೊಟ್ಟೆನೋವು ಅಂತ ಮಲಗಿದವಳು ಏಳಲೇ ಇಲ್ಲ... ಮೊನ್ನೆ ಅವಳ ಗಂಡ ಟೋಪಿ ತಂದು ನನ್ನ ಹೊಲಿಗೆ ಮಿಷನ್ನಿನ ಮೇಲಿಟ್ಟ. "ನೀನಾರ ಮೈಸೂರಲ್ ತೋರಿಸ್ಕಂಡ್ ಬಾರವ್ವ" ಅಂದ.

ಬಸ್ಸು ಹುಣಸೂರಿಗೆ ಬಂದು ನಿಂತಿತು. ನೋಡಿದರೆ ನಾನು ಎದ್ದು ನಿಂತಿದ್ದೇನೆ. ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ, ಹಿಂಬಾಗಿಲು ಹಾಕಿದೆನೋ ಇಲ್ಲವೋ...

"ಇಳೀತೀರೇನಮ್ಮ?" ಕಂಡಕ್ಟರ್ ಕೇಳಿದ.

"ಇಲ್ಲ ಕಣಪ್ಪ, ಮೈಸೂರ್ಗೇ" ಅಂದು ಕೂತೆ. ಬಸ್ಸು ಹೊರಡುವವರೆಗೂ ಟೋಪಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಇದ್ದೆ.