ಶಾಂತಕ್ಕನ ದನಿಯಲ್ಲಿ ‘ತಪ್ಪಾತ್ರಿ’

ಮೈಕಿನ ಬಾಯಿಗೆ ಹಾಕುವ ಕಪ್ಪು ಸ್ಪಂಜಿನ ಟೊಪ್ಪಿಗೆಯನ್ನು ನೀವು ಎಂದಾದರೂ ಮೂಸಿ ನೋಡಿದ್ದೀರಾ? ನೋಡಬೇಡಿ. ಹೋದ ವಾರ ಗುತ್ತಲದಲ್ಲಿ, ಗೋವಿನಜೋಳ ಮುರಿದ ಹೊಲದಲ್ಲಿ ಹಾಕಿದ್ದ ನಾಟಕದ ಪರದೆಯ ಹಿಂದೆ ನಿಂತು ಮೈಕನ್ನು ಬಾಯಿಗೆ ಹಿಡಿದೆ. ಎಲೆಅಡಿಕೆ, ತಂಬಾಕು, ಏಲಕ್ಕಿ, ಯಾರದೋ ಕೆಮ್ಮಿನ ಗುಳಿಗೆ, ಎಲ್ಲವೂ ಒಮ್ಮೆಗೇ ಮೂಗಿಗೆ ಬಡಿದವು. ಆ ಸ್ಪಂಜು ಅದೇ ತಿಂಗಳು ಎರಡು ಪಕ್ಷಗಳ ಸಭೆ, ಒಂದು ಸಾಮೂಹಿಕ ವಿವಾಹ, ಒಂದು ಹೋರಿ ಬೆದರಿಸುವ ಸ್ಪರ್ಧೆ ಮುಗಿಸಿಕೊಂಡು ಬಂದಿತ್ತು. ಎಲ್ಲರ ಉಗುಳನ್ನೂ ಸಮಭಾವದಿಂದ ಕುಡಿದು, ಯಾರ ಬಗ್ಗೆಯೂ ಏನೂ ಹೇಳದೆ ಮೆತ್ತಗೆ ಕೂತಿದ್ದ ಆ ವಸ್ತುವನ್ನು ಕಂಡಾಗ ನನಗೆ ನನ್ನ ಇಪ್ಪತ್ತೆರಡನೆಯ ವಯಸ್ಸು ನೆನಪಾಯಿತು.

ಐದಾರು ವರ್ಷದ ಹಿಂದಿನ ಮಾತು. ಆಗ ನಾನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳ ಅತ್ಯಂತ ನಿಷ್ಪಕ್ಷಪಾತಿ ಗಂಟಲಾಗಿದ್ದೆ. ಮಿಮಿಕ್ರಿ ನನ್ನ ಕಸುಬು. ಅದಕ್ಕೆ ಮೊದಲ ಬಲಿ ನಮ್ಮಪ್ಪ. ಬ್ಯಾಡಗಿಯ ನಮ್ಮ ಮನೆಗೆ ಫೋನು ಬಂದರೆ ಅಪ್ಪನ ದನಿಯಲ್ಲಿ ನಾನೇ ಮಾತಾಡುತ್ತಿದ್ದೆ. ಯೋಗಕ್ಷೇಮ ಕೇಳುತ್ತಿದ್ದೆ, ಊಟಕ್ಕೆ ಕರೆಯುತ್ತಿದ್ದೆ. “ಅಣ್ಣ ಫೋನಿನ್ಯಾಗ ಎಷ್ಟ ಪ್ರೀತೀಲೆ ಮಾತಾಡ್ತಾನ, ಎದುರಿಗೆ ಸಿಕ್ಕರ ಯಾಕ ಗುರ್ ಅಂತಾನ?” ಎಂದು ಸೋದರತ್ತೆ ಅವ್ವನನ್ನು ಕೇಳಿದಾಗ ಗುಟ್ಟು ಹೊರಬಿತ್ತು. ಅಪ್ಪನಿಗೆ ಸಿಟ್ಟು ಬಂದದ್ದು ಅಣಕಿಸಿದ್ದಕ್ಕಲ್ಲ, ಊಟಕ್ಕೆ ಕರೆದದ್ದಕ್ಕೆ.

ಅಪ್ಪನಿಂದ ನಾನು ಮುಖಂಡರಿಗೆ ಬಡ್ತಿ ಪಡೆದೆ. ಒಂದು ಪಕ್ಷದವರು ಮೂಗಿನಿಂದ ಮಾತಾಡುತ್ತಿದ್ದರು, ಇನ್ನೊಂದು ಪಕ್ಷದವರು ಹೊಟ್ಟೆಯಿಂದ, ಮೂರನೆಯವರು ನಿದ್ದೆಯಲ್ಲಿ. ಮೂವರಿಗೂ ತಲಾ ನಾಲ್ಕು ನಿಮಿಷ. ಗಡಿಯಾರ ನೋಡಿಕೊಂಡು ಅಣಕಿಸುತ್ತಿದ್ದೆ. ಮೂಗಿಗೆ ಒಂದು ನಗೆ ಹೆಚ್ಚು ಬಿದ್ದರೆ ಹೊಟ್ಟೆಗೆ ಒಂದು ಸೇರಿಸಿ ತೂಕ ಸರಿಮಾಡುತ್ತಿದ್ದೆ. ಅವರ ಮೂಗನ್ನು ಆಡಿಕೊಂಡೆನೇ ಹೊರತು, ಅವರು ಮಾಡಿದ್ದನ್ನಾಗಲಿ ಮಾಡದ್ದನ್ನಾಗಲಿ ಎಂದೂ ಆಡಿಕೊಳ್ಳಲಿಲ್ಲ. ಆದ್ದರಿಂದ ಮೂವರಿಗೂ ನನ್ನನ್ನು ಕಂಡರೆ ಪ್ರೀತಿ. ನಮ್ಮ ಮನೆಯ ಗೂಟದಲ್ಲಿ ಮೂರು ಬಣ್ಣದ ಶಾಲುಗಳು ಜಗಳವಾಡದೆ ತೂಗುತ್ತಿದ್ದವು.

‘ಕಲಾವಿದ ಎಲ್ಲರ ಸ್ವತ್ತು, ಅವನು ರಾಜಕೀಯ ಮಾತಾಡಬಾರದು’ ಎಂಬುದು ಆಗಿನ ನನ್ನ ಸಿದ್ಧಾಂತ. ಸಂದರ್ಶನಕ್ಕೆ ಯಾರೂ ಬರದ ಕಾರಣ ಚಹಾದಂಗಡಿಯಲ್ಲಿ ಸಿಕ್ಕವರನ್ನು ಕೂರಿಸಿಕೊಂಡು ನಾನೇ ಹೇಳುತ್ತಿದ್ದೆ. ಎಲ್ಲರ ಸ್ವತ್ತು ಎಂದರೇನೆಂದು ಮಾತ್ರ ವಿಚಾರ ಮಾಡಿರಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚೂ ಎಲ್ಲರ ಸ್ವತ್ತೇ; ಯಾರು ಕೂತರೂ ಅದು ತುಟಿ ಬಿಚ್ಚುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಆಗ ಹೊಳೆದಿರಲಿಲ್ಲ. ವೇದಿಕೆಯ ಮೇಲೆ ನಿಂತು ‘ನಮ್ಮ ಮುಖಂಡರು ದೇವರಂಥವರು’ ಎಂದರೆ ಅದು ಅಭಿಮಾನ; ‘ನಮ್ಮ ಓಣಿಗೆ ನೀರಿಲ್ಲ’ ಎಂದರೆ ರಾಜಕೀಯ. ಮುಖಂಡರು ನಮ್ಮ ವೇದಿಕೆಗೆ ಬಂದು ಹಾಡಬಹುದು, ಕುಣಿಯಬಹುದು, ಎರಡು ಹನಿ ಕಣ್ಣೀರನ್ನೂ ಹಾಕಬಹುದು. ನಾವು ಮಾತ್ರ ಅವರ ಕಸುಬಿಗೆ ಕೈ ಹಾಕಬಾರದು. ಕಸುಬಿನ ಗಡಿ ಕಾಯುವುದರಲ್ಲಿ ಅವರಷ್ಟು ಶಿಸ್ತಿನವರು ಬೇರಾರಿಲ್ಲ.

ಇಂಥ ಸಿದ್ಧಾಂತಿಗೆ ಗುರುವಾಗಿ ಸಿಕ್ಕವಳು ರಾಣೆಬೆನ್ನೂರಿನ ಶಾಂತಕ್ಕ. ಹೆಸರಿಟ್ಟವರಿಗೆ ದೂರದೃಷ್ಟಿ ಇರಲಿಲ್ಲ. ಐವತ್ತರ ಆಸುಪಾಸಿನ ಹಾಸ್ಯನಟಿ. ನಾಟಕಗಳಲ್ಲಿ ಗಯ್ಯಾಳಿ ಅತ್ತೆಯ ಪಾತ್ರವನ್ನು ಎಷ್ಟು ಮಾಡಿದ್ದಳೆಂದರೆ, ಸಂತೆಯಲ್ಲಿ ಅವಳನ್ನು ಕಂಡ ಹೊಸ ಸೊಸೆಯಂದಿರು ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವಳ ದನಿ ನಗ್ಗಿದ ತಪೇಲಿಯಲ್ಲಿ ಬೆಲ್ಲ ಕಲಕಿದ ಹಾಗೆ. ಕರಕರ ಎನ್ನುತ್ತಿತ್ತು, ಆದರೆ ಸಿಹಿ. ಪಾತ್ರಧಾರಿಗಳು ಬಟ್ಟೆ ಬದಲಿಸುವಷ್ಟು ಹೊತ್ತು ಜನ ಎದ್ದುಹೋಗದಂತೆ ಹಿಡಿದಿಡಲು ನನ್ನನ್ನು ಕರೆಸುತ್ತಿದ್ದಳು. ನಾನು ಆ ದನಿಯನ್ನು ಕದ್ದದ್ದು ಅಲ್ಲೇ, ಪರದೆಯ ಹಿಂದೆ. ಒಂದು ದಿನ ಅವಳೆದುರಿಗೇ ಅವಳಾಗಿ ಮಾತಾಡಿ ತೋರಿಸಿದೆ.

“ಬರೋಬ್ಬರಿ ಐತಿ,” ಎಂದಳು. “ಆದರ ನಿಂದ ದನಿ ಯಾವುದಪಾ? ಇಷ್ಟ ದಿನ ಆತು, ಒಮ್ಮೆರೆ ಕೇಳಿಲ್ಲ ನಾ.”

“ನಂದು ಕೇಳಾಕ ಯಾರ ಬರ್ತಾರಕ್ಕಾ?” ಎಂದು ಮೂಗಿನವರ ದನಿಯಲ್ಲಿ ಉತ್ತರ ಕೊಟ್ಟೆ.

ಅದೇ ವರ್ಷ ರಾಣೆಬೆನ್ನೂರಿನಲ್ಲಿ ಅವಳ ನಾಟಕಕ್ಕೆ ಒಬ್ಬ ಮುಖಂಡರು ಅತಿಥಿಯಾಗಿ ಬಂದರು. ಅವರ ಹೆಸರು, ಪಕ್ಷ ಹೇಳುವುದಿಲ್ಲ. ಹೇಳಿದರೆ ಉಳಿದ ಪಕ್ಷದವರು ನಾನು ತಮ್ಮನ್ನು ಕಡೆಗಣಿಸಿದೆನೆಂದು ಮುನಿಸಿಕೊಂಡಾರು. ಎಲ್ಲರೂ ‘ಯಜಮಾನರು’ ಎನ್ನುತ್ತಿದ್ದರು, ನಾವೂ ಹಾಗೇ ಎನ್ನೋಣ. ಶಾಂತಕ್ಕನ ಓಣಿಗೆ ದಿನಾ ನೀರು ಬಿಡಿಸುತ್ತೇನೆಂದು ಮಾತು ಕೊಟ್ಟು ಆರಿಸಿ ಬಂದವರು. ಸುತ್ತಿನ ಊರುಗಳಲ್ಲಿ ಯಾವ ಬಯಲಿನಲ್ಲಿ ಯಾರ ಕಾರ್ಯಕ್ರಮ ಆಗಬೇಕೆಂಬುದೂ ಅವರ ಕಣ್ಸನ್ನೆಯಲ್ಲೇ ತೀರ್ಮಾನವಾಗುತ್ತಿತ್ತು. ಅವರು ಮುಂದಿನ ಸೋಫಾದಲ್ಲಿ ಕೂತರು. ಶಾಂತಕ್ಕ ಖಾಲಿ ಕೊಡ ಹೊತ್ತು ರಂಗಕ್ಕೆ ಬಂದಳು. ಮಗನ ಪಾತ್ರದವನು “ಎಲ್ಲಿ ಹೋಗಿದ್ದಿ ಯವ್ವಾ ಇಷ್ಟೊತ್ತು?” ಎಂದು ಕೇಳಿದ. ನಾಟಕದಲ್ಲಿ ಬರೆದಿದ್ದ ಉತ್ತರ ‘ಬಾವಿಗೆ’ ಎಂಬ ಒಂದೇ ಮಾತು. ಶಾಂತಕ್ಕ ಕೊಡವನ್ನು ಸೋಫಾದ ಕಡೆ ತಿರುಗಿಸಿ ಬೋರಲು ಹಾಕಿದಳು.

“ನಮ್ಮ ಓಣ್ಯಾಗ ನಳ ಎಂಟ ದಿನಕ್ಕೊಮ್ಮೆ ಬರ್ತೈತಿ. ಇವ್ರು ಐದ ವರ್ಷಕ್ಕೊಮ್ಮೆ ಬರ್ತಾರ. ಇವ್ರಕಿಂತ ನಳಾನ ಪಾಡ ಬಿಡಪಾ!”

ಬಯಲು ಎದ್ದು ಕುಣಿಯಿತು. ಎಲ್ಲರಿಗಿಂತ ಮೊದಲು ನಕ್ಕವರು ಯಜಮಾನರು. ಅದು ಅವರ ದೊಡ್ಡ ಗುಣ. ಉಳಿದದ್ದು ಏನಿದ್ದರೂ ಆಮೇಲೆ.

ಆಮೇಲೆ ಶಾಂತಕ್ಕನಿಗೆ ಬಯಲು ಸಿಗಲಿಲ್ಲ. ಎಲ್ಲಿ ಕೇಳಿದರೂ “ಮೈದಾನ ರಿಪೇರಿ ಐತ್ರಿ” ಎಂಬ ಒಂದೇ ಉತ್ತರ. ಬಯಲನ್ನು ಹೇಗೆ ರಿಪೇರಿ ಮಾಡುತ್ತಾರೆಂದು ನೋಡಲು ನಾನೇ ಒಮ್ಮೆ ಹೋಗಿದ್ದೆ. ಎರಡು ಎಮ್ಮೆಗಳು ಮೇಯುತ್ತಿದ್ದವು. ಬಹುಶಃ ಗುತ್ತಿಗೆ ಅವಕ್ಕೇ ಆಗಿತ್ತು.

ಶಾಂತಕ್ಕನ ಬಾಯಿ ಮುಚ್ಚಿದ ಹಾಗೆಲ್ಲ ನನ್ನ ಬಾಯಿಗೆ ಬೇಡಿಕೆ ಹೆಚ್ಚಿತು. ಹಾವೇರಿಯಲ್ಲಿ ಒಂದು ಸಂಜೆಯ ಕಾರ್ಯಕ್ರಮ ಸಿಕ್ಕಿತು. ಅದರ ಮುಂದಿನ ವಾರ ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯಲ್ಲಿ ಅವಳ ನಾಟಕಕ್ಕೆಂದು ಗೊತ್ತುಪಡಿಸಿದ್ದ ದಿನವನ್ನೂ ನನಗೇ ಕೊಟ್ಟರು. ಬೇಡ ಎನ್ನಲೆಂದು ಬಾಯಿ ತೆರೆದೆ, ಹೊರಬಂದದ್ದು ‘ಆಗ್ಲಿರಿ’. ನನ್ನ ಬಾಯಿ ಯಾರ ಮಾತನ್ನು ಬೇಕಾದರೂ ಆಡುತ್ತದೆ, ಅದಕ್ಕೆ ನಾನೇನು ಮಾಡಲಿ?

ಹಾವೇರಿಯಲ್ಲಿ ವೇದಿಕೆ ಹತ್ತುವ ಮುನ್ನ ಯಜಮಾನರು ನನ್ನ ಹೆಗಲ ಮೇಲೆ ಕೈ ಹಾಕಿದರು.

“ನೀ ಶ್ಯಾಣ್ಯಾ ಅದಿ. ಕಲಾವಿದ ಅಂದ್ರ ನಿನ್ನಂಗ ಇರಬೇಕು, ಯಾರಿಗೂ ನೋವಿಲ್ಲ. ಆ ಶಾಂತಕ್ಕನ ದನಿ ಬರ್ತೈತಂತಲ್ಲ ನಿನಗ? ಆಕಿ ದನ್ಯಾಗ ಒಂದೀಟ ‘ತಪ್ಪಾತ್ರಿ ಯಜಮಾನ್ರ’ ಅಂದ್ಬಿಡು. ನಗ್ಯಾಡಾಕ ಅಷ್ಟ. ಇದೇನು ರಾಜಕೀಯ ಅಲ್ಲ ಮತ್ತ.”

“ಅಲ್ರಿ...” ಎಂದೆ. ಅದು ತಕರಾರಿನ ಅಲ್ರಿಯೋ ಒಪ್ಪಿಗೆಯ ಅಲ್ರಿಯೋ ನನಗೇ ತಿಳಿಯಲಿಲ್ಲ. ಯಜಮಾನರು ಒಪ್ಪಿಗೆಯೆಂದು ತಗೊಂಡರು. ನಾನೂ ಹಾಗೇ ತಗೊಂಡೆ.

ವೇದಿಕೆಯ ಮೇಲೆ ತಲೆಗೆ ಟವೆಲು ಹೊದ್ದು, ಸೊಂಟಕ್ಕೆ ಕೈಕೊಟ್ಟು ಶಾಂತಕ್ಕನಾದೆ. “ತಪ್ಪಾತ್ರಿ ಯಜಮಾನ್ರ! ನಾಲಿಗಿ ಜಾರ್ತು. ಈಗ ನಮ್ಮ ಓಣ್ಯಾಗ ದಿನಾ ನಳ ಬರಾಕತ್ತೈತಿ, ಸಿಹಿನೀರು!” ಜನ ಬಿದ್ದು ಬಿದ್ದು ನಕ್ಕರು. ಕೆಳಗಿಳಿದಾಗ ಸೌಂಡ್ ಸಿಸ್ಟಮ್ಮಿನ ದ್ಯಾಮಣ್ಣ ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ ತೆಗೆಯುತ್ತಿದ್ದ.

“ಇದನ್ಯಾಕ ಟೇಪ್ ಮಾಡಿದಿ?”

“ನಾ ವೈರಿನ ಮನಶ್ಯಾ, ನನಗೇನ ಗೊತ್ತ? ಯಜಮಾನ್ರ ಮಂದಿ ಬಟನ್ ಒತ್ತು ಅಂದ್ರು, ಒತ್ತೇನಿ.”

ಎರಡು ದಿನದ ಮೇಲೆ ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಬಸ್ಸಿಳಿದರೆ ಶಾಂತಕ್ಕ ಊರಿಗೆಲ್ಲ ಕೇಳುವ ಹಾಗೆ ಕ್ಷಮೆ ಕೇಳುತ್ತಿದ್ದಳು. ಆಟೋದ ನೆತ್ತಿಗೆ ಕಟ್ಟಿದ್ದ ಹಾರ್ನಿನಿಂದ. ನನ್ನ ಹೆಸರು, ಜನರ ನಗೆ, ಚಪ್ಪಾಳೆ ಎಲ್ಲವನ್ನೂ ಕತ್ತರಿಸಿ ಬರೀ ಆ ಮೂರು ಮಾತುಗಳನ್ನು ಉಳಿಸಿದ್ದರು. ನಗೆ ತೆಗೆದ ಮೇಲೆ ಅದು ಮಿಮಿಕ್ರಿಯಾಗಿ ಉಳಿದಿರಲಿಲ್ಲ. ಹೆದರಿದ ಹೆಂಗಸೊಬ್ಬಳ ಹೇಳಿಕೆಯಾಗಿತ್ತು. ಆಟೋ ಅವಳ ಓಣಿಗೇ ತಿರುಗಿತು. ನಾನು ಅದರ ಹಿಂದೆ ಓಡಿದೆ. ನಿಲ್ಲಿಸಲು ಎಂದು ಬರೆದರೆ ಚೆನ್ನಾಗಿರುತ್ತದೆ; ನಿಜವಾಗಿ, ಎಷ್ಟು ಚೆನ್ನಾಗಿ ಬಂದಿದೆ ಎಂದು ಕೇಳಲು.

ಅವತ್ತು ಎಂಟನೆಯ ದಿನ, ನಳ ಬರುವ ದಿನ. ಓಣಿಯುದ್ದಕ್ಕೂ ಕೊಡಗಳ ಪಾಳಿ. ಮಧ್ಯದಲ್ಲೆಲ್ಲೋ ಶಾಂತಕ್ಕ. ಅವಳ ಮುಂದಿದ್ದ ಹೆಂಗಸು ಆಟೋದ ಕಡೆ ನೋಡಿ, “ದಿನಾ ಸಿಹಿನೀರ ಬರ್ತೈತಂತಲ್ಲ ನಿನಗ? ಮತ್ತ ಇಲ್ಲ್ಯಾಕ ನಿಂತಿ? ಬ್ಯಾರೆ ಪೈಪ್ ಹಾಕಿ ಕೊಟ್ಟಾರೇನ?” ಎಂದಳು. ಉಳಿದವರು ನಗಲೂ ಇಲ್ಲ. ನಾಟಕದಲ್ಲಿ ಒಂದು ಮಾತಿಗೆ ಹತ್ತು ಮಾತು ಹಚ್ಚುವ ಶಾಂತಕ್ಕ ತನ್ನ ಕೊಡದೊಳಗೆ ನೋಡುತ್ತ ನಿಂತಿದ್ದಳು.

ನನ್ನನ್ನು ಕಂಡು ಪಾಳಿ ಬಿಟ್ಟು ಬಂದಳು. ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೇ ಅವಳ ದನಿಯಲ್ಲಿ ಆಡಿ ತೋರಿಸಿ ಪಾರಾಗುವ ದಾರಿ ನನಗಿತ್ತು.

“ನಾಕ ಸಲ ಕೇಳೇನಿ,” ಎಂದಳು. “ಯಜಮಾನ್ರ ಅನ್ನೂದು ನಂದ ಐತಿ. ಸಿಹಿನೀರು ಅನ್ನೂದೂ ನಂದ. ತಪ್ಪಾತ್ರಿ ಅನ್ನೂದು ಮಾತ್ರ ನಂದಲ್ಲ.”

“ಯಾಕಕ್ಕಾ? ಅದೂ ನಿನ್ನಂಗ ಕೇಳ್ತೈತಲ್ಲ.”

“ನಿನ್ನ ಮುಂದ ನಾ ಎಂದರೆ ತಪ್ಪಾತು ಅಂದೇನೇನು? ಇಲ್ಲ. ಕೇಳದ್ದನ್ನ ಹೆಂಗ ಕದೀತಿ? ಅದಕ್ಕ ಆ ಒಂದ ಮಾತಿನ್ಯಾಗ ನಿಂದ ದನಿ ಬಂದೈತಿ. ಚಲೋ ಐತಿ, ಮೊದಲನೇ ಸಲ ಕೇಳಿದೆ.”

ನಾನು ಆಟೋ ಹೋದ ಕಡೆ ನೋಡಿದೆ.

“ಬಯಲ ಕಸ್ಕೊಂಡ್ರ ಇನ್ನೊಂದ ಬಯಲ ಸಿಗ್ತೈತಿ ತಮ್ಮಾ. ನನ್ನ ಮಾತ ಕಸ್ಕೊಂಡ್ರ ನಾ ಏನ ಹೊತ್ಕೊಂಡು ರಂಗದ ಮ್ಯಾಲ ಬರ್ಲಿ? ಓಣಿ ಮಂದಿ ನಂಬ್ಯಾರ. ಈ ಗಂಟ ಕಟ್ಟಿದಾವ ನೀನು, ನೀನ ಬಿಚ್ಚು.” ಇಷ್ಟು ಹೇಳಿ ಮತ್ತೆ ಪಾಳಿಗೆ ಹೋದಳು. ಬಿಟ್ಟುಬಂದ ಜಾಗ ತುಂಬಿಹೋಗಿತ್ತು. ಕೊನೆಗೆ ಹೋಗಿ ನಿಂತಳು.

ಬ್ಯಾಡಗಿಯ ಕಾರ್ಯಕ್ರಮದ ಬಗ್ಗೆ ಹೇಳುವ ಮುಂಚೆ ನಮ್ಮೂರಿನ ಒಂದು ವಿಶೇಷ ನಿಮಗೆ ಗೊತ್ತಿರಬೇಕು. ಸುಗ್ಗಿಯಲ್ಲಿ ಪೇಟೆಯ ತುಂಬ ಮೆಣಸಿನಕಾಯಿ ಚೀಲ. ಗಾಳಿ ಬೀಸಿದರೆ ಘಾಟು. ವೇದಿಕೆ ಹತ್ತಿದವರೆಲ್ಲರ ಕಣ್ಣಲ್ಲೂ ನೀರು. ಹೊರಗಿನಿಂದ ಬಂದ ಎಷ್ಟೋ ಭಾಷಣಕಾರರು ತಾವು ಭಾವುಕರಾಗಿದ್ದೇವೆಂದು ತಾವೇ ನಂಬಿ ಕರವಸ್ತ್ರ ತೆಗೆದದ್ದುಂಟು. ಹೀಗಾಗಿ ವೇದಿಕೆಯ ಮೇಲಿನ ಕಣ್ಣೀರಿಗೆ ನಮ್ಮೂರಲ್ಲಿ ಬೆಲೆಯಿಲ್ಲ. ಅತ್ತರೆ ಜನ “ಒಂದೀಟ ನೀರ ಕೊಡ್ರಿ ಅವರಿಗೆ” ಎನ್ನುತ್ತಾರೆ, ಅಷ್ಟೆ.

ಮೂಗು, ಹೊಟ್ಟೆ, ನಿದ್ದೆ ಮೂರೂ ಮುಗಿದವು. ಯಜಮಾನರು ಮುಂದಿನ ಸೋಫಾದಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. “ರಾಣೆಬೆನ್ನೂರಿನ್ಯಾಗ ಆಟೋದಾಗ ಹಚ್ಚ್ಯಾರಲ್ಲ, ಅದು ಶಾಂತಕ್ಕ ಅಲ್ರಿ, ನಾನು. ಆಕಿ ಯಾರಿಗೂ ತಪ್ಪಾತು ಅಂದಿಲ್ಲ. ಆಕಿ ಓಣ್ಯಾಗ ನಳ ಇನ್ನೂ ಎಂಟ ದಿನಕ್ಕೊಮ್ಮೆನ ಬರ್ತೈತಿ, ನಾ ನೋಡಿ ಬಂದೇನಿ. ಆಕಿ ಅಂದದ್ದು ಖರ ಐತಿ. ತಪ್ಪು ನಂದು.”

ಬಯಲು ಸ್ತಬ್ಧವಾಯಿತು. ಆಹಾ, ಸತ್ಯಕ್ಕೆ ಎಂಥ ಶಕ್ತಿ ಎಂದು ನನ್ನ ಎದೆ ಉಬ್ಬುವಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ: “ಸಾಲಿ ಮಾಸ್ತರಂದು!”

“ಅಲ್ಲಲೇ, ಬಸ್ ಕಂಡಕ್ಟರಂದು!”

“ಇನ್ನೊಮ್ಮೆ ಅನ್ನು, ಗುರುತ ಹತ್ತವಲ್ದು!”

ಜನ ಒಗಟು ಬಿಡಿಸುತ್ತಿದ್ದರು. ಹುಟ್ಟಿದ ಊರಲ್ಲಿ, ಹುಟ್ಟಿದ ದನಿಯಲ್ಲಿ ಮಾತಾಡಿದರೆ ಇವನು ಯಾರನ್ನು ಅಣಕಿಸುತ್ತಿದ್ದಾನೆಂದು ಅವರಿಗೆ ಹೊಳೆಯಲಿಲ್ಲ. ನನ್ನ ಕಣ್ಣಲ್ಲಿ ಧಾರಾಳ ನೀರು. ಒಬ್ಬರು ಮುಂದೆ ಬಂದು ನೀರಿನ ಲೋಟ ಇಟ್ಟುಹೋದರು. ಅರ್ಥವಾದದ್ದು ಒಬ್ಬರಿಗೇ. ಈ ಮಾತಿಗೆ ಯಜಮಾನರು ಮೊದಲು ನಗಲಿಲ್ಲ. ಅವರ ಕಡೆಯವನೊಬ್ಬ ಓಡಿ ದ್ಯಾಮಣ್ಣನ ಹತ್ತಿರ ಹೋದದ್ದು ಕಂಡಿತು. “ಲಗೂ ಬಂದ್ ಮಾಡಲೇ!”

“ಯಾವ ವೈರ್ ಅಂತ ಗೊತ್ತಾಗವಲ್ದ್ರಿ,” ಎಂದ, ಹದಿನೈದು ವರ್ಷದಿಂದ ವೈರಿನ ಮನುಷ್ಯನಾಗಿದ್ದ ದ್ಯಾಮಣ್ಣ. ಆ ಗದ್ದಲದಲ್ಲಿ ನಾನು ಅದೇ ಮಾತುಗಳನ್ನು ಇನ್ನೆರಡು ಸಲ ಹೇಳಿದೆ. ಮೂರನೆಯ ಸಲಕ್ಕೆ ಯಾರೂ ಊಹೆ ಮಾಡಲಿಲ್ಲ. ಚಪ್ಪಾಳೆಯೂ ಇಲ್ಲ.

ನಾನು ರಾಣೆಬೆನ್ನೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮುಂದಿನ ನಳದ ದಿನ ಆ ಪೈಪಿನ ಮಾತಾಡಿದ ಹೆಂಗಸು ಶಾಂತಕ್ಕನ ಕೊಡವನ್ನು ಎತ್ತಿ ತನ್ನ ಕೊಡದ ಮುಂದೆ ಇಟ್ಟಳು. ಶಾಂತಕ್ಕ ನನ್ನ ಕಡೆ ತಿರುಗಿದಳು. “ನಿಂತ ನೋಡಾಕತ್ತಿಯಲ್ಲ, ತುಂಬಿದ ಮ್ಯಾಲ ಹೊರು,” ಎಂದಳು. ಹೊತ್ತೆ.

ಅಂದಿನಿಂದ ಮೂರೂ ಊರುಗಳ ಬಯಲು ನನಗೂ ರಿಪೇರಿಯಲ್ಲಿವೆ. ಶಾಂತಕ್ಕ ಈಗ ಬಯಲು ಕೇಳುವುದನ್ನೇ ಬಿಟ್ಟಿದ್ದಾಳೆ. ಪೀಕು ತೆಗೆದ ಹೊಲ ಕೇಳುತ್ತಾಳೆ. ಮೋಟೆಬೆನ್ನೂರಿನಲ್ಲಿ ಒಮ್ಮೆ, ಕಾಗಿನೆಲೆಯ ಹತ್ತಿರ ಒಮ್ಮೆ, ಹೋದ ವಾರ ಗುತ್ತಲದಲ್ಲಿ. ಕಲಾವಿದರು ರಾಜಕೀಯ ಮಾತಾಡಬೇಕೋ ಬೇಡವೋ ಎಂದು ಯಾರಾದರೂ ಚರ್ಚೆಗೆ ಕೂತರೆ ನಾನು ಎದ್ದು ಬರುತ್ತೇನೆ. ನನ್ನ ತೊಂದರೆ ಅದಕ್ಕಿಂತ ಚಿಕ್ಕದು: ಮೂಗು ಹೊಟ್ಟೆಗಳಿಗೆಲ್ಲ ಅಭ್ಯಾಸವಿದೆ, ನನ್ನದೇ ಈ ಒಂದು ದನಿಗೆ ಇನ್ನೂ ಸರಿಯಾಗಿ ಉಸಿರು ಹಿಡಿಯಲು ಬರುವುದಿಲ್ಲ. ಆದರೂ ಪ್ರತಿ ಸಲ ಕೊನೆಗೆ ಐದು ನಿಮಿಷ ಅದರಲ್ಲೇ ಮಾತಾಡುತ್ತೇನೆ, ಆಯಾ ಊರಿನ ರಸ್ತೆ, ಸಾಲೆ, ನಳದ ಬಗ್ಗೆ.

ಗುತ್ತಲದಲ್ಲಿ ಪರದೆಯ ಆಚೆ ಜನ ಆಗಲೇ ಸೇರಿದ್ದರು. ಈಚೆ ಶಾಂತಕ್ಕ ಹುಬ್ಬು ತೀಡಿಕೊಳ್ಳುತ್ತಿದ್ದಳು. ನಾನು ಮೈಕಿಗೆ ಬರೀ ಎರಡು ಸಲ ‘ಹಲೋ’ ಎಂದೆ. ಆಚೆಯಿಂದ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು:

“ಅಯ್ಯ, ಆ ಬ್ಯಾಡಗಿ ಹುಡುಗ ಬಂದಾನ! ಹಿಂದ ಸರದ ಕುಂದ್ರು, ಇವತ್ತ ಯಾರನ್ನೂ ಬಿಡಂಗಿಲ್ಲ ಅಂವ.”

ನಾನು ಇನ್ನೂ ಯಾರ ದನಿಯನ್ನೂ ತೆಗೆದಿರಲಿಲ್ಲ.