ಗಿಟಾರಿನ ಕತ್ತಿನ ಮೇಲೆ ಅವರೆಬಳ್ಳಿ

ನಾನೊಂದು ಸುಳ್ಳು ಹೇಳಿದೆ. ಚಿಕ್ಕ ಸುಳ್ಳು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ಒಂದು ತಗಡಿನ ಶೆಡ್ಡಿನಲ್ಲಿ, ಮರದ ಹೊಟ್ಟಿನ ಮೇಲೆ ನಿಂತು, ವಯಸ್ಸಾದ ಒಬ್ಬ ಬಡಗಿಗೆ, "ಅದೇನೋ ಫಾರಿನ್ ಫ್ಯಾಷನ್ ಅಂತೆ, ಹಾಗೇ ಮಾಡ್ಬಿಡಿ" ಎಂದೆ.

ಅಷ್ಟೇ. ಅರ್ಧ ನಿಮಿಷದ ಮಾತು. ಅದರಿಂದ ಒಬ್ಬ ಕಲಾವಿದನ ಕೈಯೇ ಕಟ್ಟಿಹೋಗುವುದರಲ್ಲಿತ್ತು. (ನನ್ನ ಬಾಯಿ ಎಂಥದ್ದು ಎಂದು ಪ್ರತಿ ವಾರ ಓದುವ ನಿಮಗೆ ಹೊಸದಾಗಿ ಹೇಳಬೇಕಿಲ್ಲ.)

ಮೊದಲಿನಿಂದ ಹೇಳುತ್ತೇನೆ.

ಗುರುಸ್ವಾಮಿ ನನ್ನ ಗೆಳೆಯ. ಹರವೆಯವನು. ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ರಜೆ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್ ನುಡಿಸುತ್ತಾನೆ. ಈ ಸೀಮೆಯ ಮದುವೆ ರಿಸೆಪ್ಷನ್ನುಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ನೀವು ಅವನನ್ನು ನೋಡಿಯೇ ಇರುತ್ತೀರಿ. ಹಾಡುವವರೆಲ್ಲ ಕುಣಿಯುತ್ತಿರುವಾಗ ಎಡಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನಲ್ಲ, ಅವನೇ. ನಾಚಿಕೆ ಸ್ವಭಾವ ಎಂದುಕೊಂಡಿದ್ದೆವು. ನಾಚಿಕೆಯಲ್ಲ. ಬೆರಳು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದ.

ಬೇಸಿಗೆ ರಜೆಯಲ್ಲಿ ಮೈಸೂರಿನ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದವನು ಸೀದಾ ನನ್ನ ಮನೆಗೆ ಬಂದ. ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದ. ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತಿದೆಯಂತೆ. ಬೆಳಕು ಕಡಿಮೆಯಿದ್ದರೆ ಈಗಲೇ ಏನೂ ಕಾಣದು. ಔಷಧಿಯಿಲ್ಲ, ಆಪರೇಷನ್ನೂ ಇಲ್ಲ. ಇನ್ನೆಷ್ಟು ವರ್ಷ ಎಂದರೆ ಡಾಕ್ಟರು ಕೈ ಆಡಿಸಿದರಂತೆ.

"ತಾಯಿ ಕಡೆ ಯಾರಿಗಾದ್ರೂ ಇತ್ತಾ ಅಂತ ಕೇಳುದ್ರು ಕಣ್ಲಾ" ಎಂದ.

ಇತ್ತು. ಅವನ ಸೋದರಮಾವನಿಗಿತ್ತು. ಪೂರಾ ಕುರುಡಾದ ಆ ಅಣ್ಣನನ್ನು, ಅವನು ಸಾಯುವವರೆಗೂ, ಗುರುಸ್ವಾಮಿಯ ತಾಯಿಯೇ ನೋಡಿಕೊಂಡಿದ್ದರು. ಬೆಳಿಗ್ಗೆ ಕೈ ಹಿಡಿದು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಕೂರಿಸುವುದು, ಸಂಜೆ ಕರೆತರುವುದು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೈಗಿಡುವುದು. ಹರವೆಯಲ್ಲಿ ಈಗಲೂ ಜನ ಆ ತಂಗಿಯ ಮಾತು ಆಡುತ್ತಾರೆ.

"ಅವ್ವಂಗೆ ಗೊತ್ತಾಗ್ಬಾರ್ದು. ತನ್ನಿಂದ್ಲೇ ಬಂತು ಅಂತ ಎದೆ ಒಡ್ಕಂಡ್ಬುಡ್ತಾಳೆ. ಯಾರ್ಗೂ ಏಳ್ಬ್ಯಾಡ ಕಣ್ಲಾ, ಆಣೆ."

ಆಣೆ ಮಾಡಿದೆ. ಇಂಥ ಹೊತ್ತಿನಲ್ಲಿ ಇನ್ನೇನು ಮಾಡಲಾಗುತ್ತದೆ ಹೇಳಿ?

ಒಂದು ವಾರ ಮಂಕಾಗಿದ್ದ. ಆಮೇಲೆ ಒಂದು ಗ್ರಾಫ್ ಹಾಳೆ ಹಿಡಿದುಕೊಂಡು ಬಂದ. ಕಣ್ಣು ಇರುವಾಗಲೇ ಹೊಸ ಗಿಟಾರ್ ಮಾಡಿಸಿಕೊಳ್ಳುತ್ತಾನಂತೆ. ಹಳೆಯದರ ಕತ್ತು ಬಾಗಿತ್ತು. ಅದರ ನಾದ ಹಿಡಿಯುವ ಪಿಕಪ್ಪು, ಬಿರಡೆ, ವೈರು ಎಲ್ಲ ಬಿಚ್ಚಿ ಬಳಸಿ, ಮೈಯನ್ನೂ ಕತ್ತನ್ನೂ ಹೊಸದಾಗಿ ಮಾಡಿಸುವುದು. ಡ್ರಾಯಿಂಗ್ ಮೇಷ್ಟ್ರಲ್ಲವೇ, ಚಿತ್ರ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು ಅನ್ನುವಂತಿತ್ತು. ಬೆರಳು ಓಡಾಡುವ ಕರಿ ಪಟ್ಟಿಯ ಉದ್ದಕ್ಕೂ ಒಂದು ಅವರೆಬಳ್ಳಿ. ಹರವೆಯ ಅವರ ಹೊಲದ್ದೇ ಅವರೆ. ನಡುನಡುವೆ ಐದೇ ಐದು ಕಡೆ ಒಂದೊಂದು ಎಲೆ.

ಗಿಟಾರ್ ನೋಡಿದವರಿಗೆ ಗೊತ್ತಿರುತ್ತದೆ. ಕತ್ತಿನ ಮೇಲೆ ವೀಣೆಯ ಹಾಗೆ ಲೋಹದ ಮೆಟ್ಟಿಲುಗಳಿರುತ್ತವೆ. ಮೂರು, ಐದು, ಏಳು, ಒಂಬತ್ತು, ಹನ್ನೆರಡನೆಯ ಮೆಟ್ಟಿಲಿಗೆ ಬಿಳಿ ಚುಕ್ಕೆ. ನುಡಿಸುವವನು ಅದನ್ನು ಓರೆಗಣ್ಣಿನಲ್ಲಿ ನೋಡಿಕೊಂಡು ಬೆರಳು ಓಡಿಸುತ್ತಾನೆ. ಗುರುಸ್ವಾಮಿ ಆ ಚುಕ್ಕೆಗಳ ಜಾಗಕ್ಕೆ ಎಲೆ ಬರೆದಿದ್ದ. ಒಂದೊಂದು ಎಲೆಯ ತುದಿಯೂ ಪಟ್ಟಿಯ ಮೇಲಂಚಿಗೆ, ಹೆಬ್ಬೆರಳು ಬಂದು ಕೂರುವ ಜಾಗಕ್ಕೆ ಚಾಚಿಕೊಂಡಿತ್ತು. ಅಲ್ಲಿ ಬಾಣದ ಗುರುತು ಹಾಕಿ ಬರೆದಿದ್ದ: ತುದಿ ಎಳ್ಳುಕಾಳಿನಷ್ಟು ಎದ್ದಿರಬೇಕು.

ಕಣ್ಣು ಪೂರಾ ಹೋದ ಮೇಲೂ ಹೆಬ್ಬೆರಳು ಎಲೆಗಳನ್ನು ಎಣಿಸಿಕೊಳ್ಳುತ್ತದೆ. ಕೆಲಸ ಹೋಗುತ್ತದೆ, ಚಿತ್ರ ಬರೆಯುವುದು ಹೋಗುತ್ತದೆ. ಗಿಟಾರ್ ಉಳಿಯುತ್ತದೆ. ಅವನ ಲೆಕ್ಕ ಇಷ್ಟೇ ಆಗಿತ್ತು.

ಆ ಹಾಳೆಯನ್ನು ಗುಂಡ್ಲುಪೇಟೆಗೆ ತೆಗೆದುಕೊಂಡು ಹೋದವನು ನಾನು. ಅಲ್ಲಿ ಮಂಟೇಲಿಂಗಾಚಾರ್ರು ಇದ್ದಾರೆ. ಮೈಸೂರಿನಲ್ಲಿ ಬಹಳ ವರ್ಷ ಇನ್‌ಲೇ ಕೆಲಸ ಮಾಡಿ, ಅಂದರೆ ಮರ ಕೆತ್ತಿ ಅದರೊಳಗೆ ಬೇರೆ ಬಣ್ಣದ ಮರವನ್ನೋ ಚಿಪ್ಪನ್ನೋ ಕೂರಿಸಿ ಚಿತ್ರ ಮಾಡುವ ಕೆಲಸ ಮಾಡಿ, ಈಗ ಊರಿಗೆ ವಾಪಸಾಗಿ ಬಾಗಿಲು, ದೇವರ ಮಂಟಪ ಮಾಡಿಕೊಂಡಿರುವವರು. ವಯಸ್ಸಿನಲ್ಲಿದ್ದಾಗ ದಂತದಲ್ಲೂ ಮಾಡಿದ್ದರಂತೆ. ದಂತದ ಮಾತು ಎತ್ತಿದ್ದಕ್ಕೆ ನನ್ನನ್ನು ಗದರಿಸಿದರು.

"ಬಂಡೀಪುರದ್ ಮಗ್ಗುಲಲ್ಲೇ ಕೂತ್ಕಂಡು ಆನೆ ಕ್ವಾರೆ ಉಜ್ಜಾನೇ ಸಾ? ಬ್ಯಾಡ. ಕೇರಳದ ಬಸ್ಸಿನ ಡ್ರೈವರಿಗೆ ಏಳಿ ಮುತ್ತಿನ ಚಿಪ್ಪು ತರುಸ್ತಿನಿ."

ಮೈಗೆ ಹಲಸು. ಕತ್ತಿಗೆ ತೇಗ. ಮೇಲಿನ ಪಟ್ಟಿಗೆ ಯಾವುದೋ ಹಳೆ ಮಂಚದ ಬೀಟೆ. ಎಲ್ಲಾ ಒಪ್ಪಿದರು. ಹಾಳೆಯ ಮೇಲಿನ ಬಾಣದ ಗುರುತಿಗೆ ಬಂದಾಗ ಮಾತ್ರ ಕನ್ನಡಕ ಏರಿಸಿದರು.

"ಇದ್ಯಾಕ್ ಸಾ, ತುದಿ ಎದ್ದಿರ್ಬೇಕು ಅಂತ ಬರ್ದವ್ರೆ?"

ಆಗಲೇ ನಾನು ಫ್ಯಾಷನ್ ಅಂದದ್ದು. ಆಣೆ ಇತ್ತಲ್ಲ! ಬೇರೆ ಏನೂ ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ, ಒಂದು ಭಾನುವಾರ, ಗಿಟಾರ್ ತರಲು ಇಬ್ಬರೂ ಬಸ್ಸು ಹತ್ತಿದೆವು. ತೆರಕಣಾಂಬಿ ದಾಟುವವರೆಗೂ ಗುರುಸ್ವಾಮಿ ಒಂದೇ ಸಮನೆ ಮಾತಾಡುತ್ತಿದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಆಚಾರ್ರು ಒಗೆದ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರು. ಏನು ಹೇಳಲಿ? ಕಪ್ಪು ಬೀಟೆಯ ಮೇಲೆ ಬಳ್ಳಿ ಹರಿದಿತ್ತು. ಚಿಪ್ಪಿನ ಎಲೆಗಳು ಒಮ್ಮೆ ನೀಲಿ, ಒಮ್ಮೆ ಹಸಿರು. ನರ ಕೂಡ ಕೆತ್ತಿದ್ದರು. ಶೆಡ್ಡಿನ ಬಾಗಿಲ ಬಳಿ ಬೆಳಕಿಗೆ ಹಿಡಿದು ಗುರುಸ್ವಾಮಿ ಮುಖದ ಹತ್ತಿರ ತಂದುಕೊಂಡು ನೋಡಿದ. ಇಂಚಿಂಚೂ ನೋಡಿದ.

"ಕಣ್ ಮುಚ್ಕಂಡು ಬೆರಳಾಡ್ಸಿ ಮೇಷ್ಟ್ರೇ" ಎಂದರು ಆಚಾರ್ರು, ಎದೆಯುಬ್ಬಿಸಿ. "ಎಲ್ಲಿ ಮರ, ಎಲ್ಲಿ ಚಿಪ್ಪು ಏಳ್ಬುಡಿ ನೋಡವ!"

ಗುರುಸ್ವಾಮಿ ಕಣ್ಣು ಮುಚ್ಚಿದ. ಹೆಬ್ಬೆರಳನ್ನು ಪಟ್ಟಿಯ ಅಂಚಿಗೆ ಇಟ್ಟು ಮೇಲಿನಿಂದ ಕೆಳಗೆ ಎಳೆದ. ಮತ್ತೆ ಎಳೆದ. ಮೂರನೆಯ ಸಲ ಬಹಳ ನಿಧಾನವಾಗಿ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಗೊತ್ತಾಗಲ್ಲ ಆಚಾರ್ರೇ. ಏನೂ ಗೊತ್ತಾಗಲ್ಲ."

ಆಚಾರ್ರು ನಕ್ಕುಬಿಟ್ಟರು. ಆನಂದಬಾಷ್ಪ ಎಂದುಕೊಂಡರು ಪಾಪ. "ಅದು ಸಾ ಕೆಲ್ಸ ಅಂದ್ರೆ! ಉಗುರ್ಗೂ ಸಿಗ್ಬಾರ್ದು. ಆ ಫ್ಯಾಸನ್ನು ಗೀಸನ್ನು ಎಲ್ಲಾ ಬ್ಯಾಡ ಅಂತ ನಾನೇ ತೀಡ್ಬುಟ್ಟೆ. ತುದಿ ಎದ್ದಿದ್ರೆ ನೋಡ್ದವ್ರು ಏನಂದಾರು? ಮಂಟೇಲಿಂಗಾಚಾರಿಗೆ ಕೈ ನಡುಗ್ತದೆ ಅಂದಾರು."

ಅವರದೇನು ತಪ್ಪು? ಇನ್‌ಲೇ ಕೆಲಸದವನಿಗೆ ಗುರು ಹೇಳಿಕೊಡುವ ಮೊದಲ ಪಾಠವೇ ಅದು. ಕೂರಿಸಿದ್ದು ಕೈಗೆ ತಿಳಿಯಬಾರದು. ಫ್ಯಾಷನ್ನಿಗಾಗಿ ಯಾರು ತಾನೇ ತಮ್ಮ ಕೆಲಸ ಕೆಡಿಸಿಕೊಳ್ಳುತ್ತಾರೆ?

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸಿಡುಕಿದೆ. "ಅಲ್ಲೇ ಹೇಳ್ಬಾರ್ದಿತ್ತೇನೋ?"

"ಆ ವಯ್ಯ ಎಷ್ಟು ಖುಸಿಯಾಗಿದ್ದ ನೋಡ್ದಾ? ಎಂಗ್ಲಾ ಏಳಾದು?"

ಎಲೆಯ ತುದಿಗೆ ಒಂದೊಂದು ಸಣ್ಣ ಮೊಳೆ ಹೊಡೆದುಕೊ ಎಂದೆ. ಅಂಟಿನ ಹನಿ ಬಿಡು ಎಂದೆ. ಅಂಥ ಕೆಲಸದ ಮೇಲೆ ಮೊಳೆ ಹೊಡೆಯಲು ಅವನು ಸುತಾರಾಂ ಒಪ್ಪಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತ.

ಮುಂದಿನ ಶನಿವಾರ ಆರ್ಕೆಸ್ಟ್ರಾದ ರಿಹರ್ಸಲ್. ನಾನೂ ಹೋಗಿದ್ದೆ. ಸಂಜೆಯ ಹೊತ್ತು, ವೋಲ್ಟೇಜ್ ಇಲ್ಲದೆ ಟ್ಯೂಬ್‌ಲೈಟು ಮಿಣಮಿಣ ಅನ್ನುತ್ತಿತ್ತು. ಅವನ ಬೆರಳು ಮೇಲಿನಿಂದ ಜಾರಿ ಹನ್ನೆರಡನೆಯ ಮೆಟ್ಟಿಲಿಗೆ ಬರಬೇಕು. ಹನ್ನೊಂದಕ್ಕೇ ನಿಂತಿತು. ಅಪಸ್ವರ. ಮತ್ತೆ ಮಾಡಿದ. ಮತ್ತೆ ಹನ್ನೊಂದು. ಕೀಬೋರ್ಡಿನವನು ಕಿಸಕ್ಕೆಂದ. "ಏನ್ ಮೇಷ್ಟ್ರೇ, ಹೊಸ ಗಿಟಾರ್ ನೋಡ್ಕೊಂಡೇ ಮೈಮರೆತ್ರಾ?" ಎಂದರು ತಂಡದ ಯಜಮಾನರು. ಗುರುಸ್ವಾಮಿಯೂ ನಕ್ಕ.

ಸೋಮವಾರ ರಜೆ ಹಾಕಿ ಗುಂಡ್ಲುಪೇಟೆಗೆ ಹೋದೆ. ಆಣೆ ಮುರಿದೆ.

ಆಚಾರ್ರು ಉಳಿ ಕೆಳಗಿಟ್ಟರು. ಆಮೇಲೆ ಸಿಟ್ಟು ಬಂತು. ಬರಬೇಕಾದದ್ದೇ.

"ಕಣ್ ಓಯ್ತಾ ಅದೆ ಅಂತ ಏಳುದ್ರೆ ನಾನೇನ್ ಅವರನ್ನ ತಿಂದಾಕ್ಬುಡ್ತಿದ್ನಾ? ಓದಿರೋ ಜನ ನೀವು. ಬಡಗಿಗೆ ಏನ್ ಏಳೋದು ಅಂತ ಅಂದ್ಕಂಡ್ರಿ, ಅಲ್ವಾ?"

ಅಲ್ಲ ಎಂದೆ. ಅದೂ ಸ್ವಲ್ಪ ಸುಳ್ಳೇ.

"ಕಣ್ ಮುಚ್ಕಂಡು ನೋಡಿ ಅಂದ್ಬುಟ್ನಲ್ಲ ಸಾ ಆ ಮನ್ಸಂಗೆ" ಎಂದು ತಲೆ ಮೇಲೆ ಕೈ ಹೊತ್ತು ಕೂತರು. ಎದ್ದು ಬಂದೆ.

ಗುರುವಾರ ಎಸ್‌ಟಿಡಿ ಬೂತಿನಿಂದ ನನ್ನ ಆಫೀಸಿಗೆ ಫೋನು. "ನಾಳಿದ್ದು ಬತ್ತಾ ಇವ್ನಿ. ಮೇಷ್ಟ್ರ ಮನೆ ತೋರ್ಸಿ." ಶನಿವಾರ ಮಧ್ಯಾಹ್ನ, ಸ್ಕೂಲು ಬಿಡುವ ಹೊತ್ತಿಗೆ ಹತಾರದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದರು. ಅವರನ್ನು ಕಂಡ ಗುರುಸ್ವಾಮಿ ನನ್ನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. "ಏಳ್ಬುಟ್ಟಾ?" ಎಂದ ಅಷ್ಟೇ. ಅವನ ಭುಜ ಇಳಿಯಿತು, ಹೊರೆ ಇಳಿಸಿದವರ ಹಾಗೆ.

"ಯಾವಾಗ್ಲೂ ನಿಂತ್ಕಂಡು ಬಾರುಸ್ತೀರಲ್ಲ, ಅಂಗೇ ನಿಂತ್ಕಂಡು ಬಾರ್ಸಿ" ಎಂದರು ಆಚಾರ್ರು. ಹೆಬ್ಬೆರಳು ಎಲ್ಲೆಲ್ಲಿ ಬಂದು ಕೂರುತ್ತದೆ ಎಂದು ಸೀಸದಕಡ್ಡಿಯಲ್ಲಿ ಗುರುತು ಹಾಕಿಕೊಂಡರು. "ಈ ಕೆಲ್ಸ ಮೊದ್ಲೇ ಮಾಡ್ಬೇಕಿತ್ತು" ಎಂದು ತಮಗೆ ತಾವೇ ಹೇಳಿಕೊಂಡರು. ಚಾಕು ಬಿಸಿ ಮಾಡಿ, ಅಂಟು ಸಡಿಲಿಸಿ, ಎಲೆಯ ತುದಿಯನ್ನು ಮಾತ್ರ ಬಿಡಿಸಿ, ಅದರಡಿಗೆ ಬೀಟೆಯ ತೆಳ್ಳನೆ ಚಕ್ಕೆ ಕೊಟ್ಟು ಮತ್ತೆ ಕೂರಿಸಿದರು. ಒಂಬತ್ತನೆಯ ಮೆಟ್ಟಿಲಿನ ಎಲೆ ಚಟ್ಟೆಂದು ಒಡೆಯಿತು. ಆಚಾರ್ರ ಮುಖ ನೋಡಲಾಗಲಿಲ್ಲ. ಪರವಾಗಿಲ್ಲ, ಆ ಮುಕ್ಕೂ ಕೈಗೆ ಸಿಗುತ್ತದೆ ಎಂದು ಗುರುಸ್ವಾಮಿ ಎಷ್ಟು ಹೇಳಿದರೂ ಕೇಳದೆ, ಬೇರೆ ಚಿಪ್ಪು ತಂದು ಹಾಕುವೆನೆಂದು ಚೂರನ್ನು ಜೇಬಿಗೆ ಹಾಕಿಕೊಂಡರು.

ಗುರುಸ್ವಾಮಿ ಕತ್ತು ಎತ್ತಿ, ಗೋಡೆಯ ಕಡೆ ನೋಡುತ್ತಾ ನುಡಿಸಿದ. ಗಿಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸ್ವರವೂ ತಪ್ಪಲಿಲ್ಲ.

ಕಾಫಿ ಕುಡಿದು ಹೊರಟ ಆಚಾರ್ರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕೇಳಿದರು.

"ನಿಮ್ಮವ್ವಂಗಾದ್ರೂ ನಿಜ ಏಳಿದ್ದೀರಾ ಮೇಷ್ಟ್ರೇ?"

ಗುರುಸ್ವಾಮಿ ಇಲ್ಲವೆಂದು ತಲೆಯಾಡಿಸಿದ.

"ಅವರೂ ನನ್ನಂಗೇ. ಗೊತ್ತಿಲ್ದೆ ಏನೋ ಅಂದ್ಬುಡ್ತಾರೆ. ಆಮೇಕೆ ಸಾಯೋಗಂಟ ಕೊರುಗ್ತಾರೆ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ನಾವಿಬ್ಬರೇ ಉಳಿದೆವು. ತಾಯಿಗೆ ನೋವಾಗದಿರಲಿ ಎಂದು ಮುಚ್ಚಿಡುತ್ತೇವೆ ಅನ್ನುತ್ತೇವಲ್ಲ, ನಿಜವಾಗಿ ಯಾರ ನೋವಿಗೆ ಹೆದರುತ್ತೇವೆ? ಆ ಮುಖವನ್ನು ಎದುರು ಕೂತು ನೋಡಬೇಕಾದ ನಮ್ಮ ನೋವಿಗೇ ಅಲ್ಲವೇ? ಕಣ್ಣಿಲ್ಲದ ಅಣ್ಣನನ್ನು ಅಷ್ಟು ವರ್ಷ ಕೈ ಹಿಡಿದು ನಡೆಸಿದ ಹೆಂಗಸಿಗೆ, ಇದನ್ನು ತಾಳುವ ಶಕ್ತಿಯಿಲ್ಲ ಎಂದು ತೀರ್ಮಾನ ಮಾಡಲು ನಾವು ಯಾರು?

ಇದನ್ನೆಲ್ಲ ನಾನು ಅವನಿಗೆ ಹೇಳಲಿಲ್ಲ. ಅವನೇ ಹೇಳಿದ.

"ಇದ್ನ ನಿನ್ ಅಂಕಣದಲ್ಲಿ ಬರಿ ಕಣ್ಲಾ. ನನ್ ಎಸ್ರು ಆಕೇ ಬರಿ."

"ಹುಚ್ಚಾ? ನಿಮ್ಮೂರಲ್ಲಿ ಪೇಪರ್ ಓದ್ತಾರೆ ಕಣೋ. ನಿಮ್ಮವ್ವನಿಗೆ ಯಾರಾದ್ರೂ ಓದಿ ಹೇಳ್ತಾರೆ."

"ಅದ್ಕೇ ಬರಿ ಅಂತಿರಾದು. ಅಷ್ಟ್ರೊಳ್ಗೆ ನಾನೇ ಓಗಿ ಏಳ್ಬೇಕಾಯ್ತದೆ. ಇಲ್ದಿದ್ರೆ ನಾನು ಈ ಜನ್ಮದಲ್ಲಿ ಏಳಕಿಲ್ಲ."

ಎರಡು ದಿನ ಯೋಚಿಸಿದೆ. ಇಂದು ಮಂಗಳವಾರ, ಬರೆದು ಮುಗಿಸಿದ್ದೇನೆ. ಸಂಜೆಯ ಅಂಚೆಗೆ ಹಾಕುತ್ತೇನೆ. ಹರವೆಗೆ ಅವನಿನ್ನೂ ಹೋಗಿಲ್ಲ. ನಾಳೆ ಹೋಗುತ್ತೇನೆ ಅನ್ನುತ್ತಾನೆ. ನಿನ್ನೆಯೂ ಹಾಗೇ ಅಂದಿದ್ದ.

ಇದು ಅಚ್ಚಾಗಿ ನಿಮ್ಮ ಕೈ ಸೇರುವ ಭಾನುವಾರ ಬೆಳಿಗ್ಗೆ, ಆ ತಾಯಿಗೆ ವಿಷಯ ಗೊತ್ತಾಗಿರುತ್ತದೆ: ಮಗನ ಬಾಯಿಂದಲೋ, ಪಕ್ಕದ ಮನೆಯ ಪೇಪರಿನಿಂದಲೋ?