ತೊಟ್ಟಿಲ ಮೇಲೆ ರೇಷ್ಮೆಗೂಡು

ಭಾನುವಾರ ಬೆಳಗ್ಗೆ ಏಳು ಗಂಟೆ. ನನ್ನ ಏಳು ತಿಂಗಳ ಮಗಳ ಹೊಟ್ಟೆಯ ಮೇಲೆ ಬೆಳ್ಳನೆಯ ಚಿಟ್ಟೆಯೊಂದು ಪಟಪಟ ರೆಕ್ಕೆ ಬಡಿಯುತ್ತಾ ಕೂತಿತ್ತು. ತೊಟ್ಟಿಲ ಬಟ್ಟೆಯ ತುಂಬಾ ಕಂದು ಕಲೆ. ಬಾಗಿಲಲ್ಲಿ, ಬೈರಾಪಟ್ಟಣದಿಂದ ಮೊದಲ ಬಸ್ಸಿಗೇ ಬಂದಿಳಿದ ನಮ್ಮ ಅತ್ತೆ.

ಅವರು ಮೊಮ್ಮಗಳನ್ನು ನೋಡಿಕೊಂಡು ಹೋಗಲು ಬಂದಿರಲಿಲ್ಲ. ಕರೆದುಕೊಂಡು ಹೋಗಲು ಬಂದಿದ್ದರು.

ಹಿಂದಿನ ಸಲ ಬಂದಾಗಲೇ ಹೇಳಿಹೋಗಿದ್ದರು. "ಮಗು ಬಡಕಲಾಗ್ಬುಟ್ಟೈತೆ ಕಣವ್ವ. ನಿಂಗೊಬ್ಳಿಗೇ ಆಗಾಕಿಲ್ಲ. ನಡೆಯೋಗಂಟ ಊರ್ನಾಗೆ ನಮ್ಮತ್ರ ಇರ್ಲಿ." ಮತ್ತೆ ನಾನು? "ನಿನ್ ಗಂಡಂಗೆ ಶಿಫ್ಟು. ಅನ್ನ ಮಾಡಿ ಇಕ್ಕೋರು ಬ್ಯಾಡ್ವಾ? ನೀನು ಭಾನುವಾರ ಭಾನುವಾರ ಬಂದೋಗು."

ಭಾನುವಾರದ ತಾಯಿ! ಕೇಳಿದ್ದೀರಾ ಎಲ್ಲಾದರೂ?

ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಇದಕ್ಕೆ "ಅವ್ವ ಹೇಳೋದ್ರಲ್ಲಿ ತಪ್ಪೇನು?" ಎಂದು ಮಗ್ಗುಲು ಬದಲಿಸಿ ನಿದ್ದೆ ಹೋದರು. (ನೈಟ್ ಶಿಫ್ಟ್ ಮಾಡಿ ಬಂದವರ ಜೊತೆ ಜಗಳ ಆಡುವುದು ಹೇಗೆ? ಎದುರಾಳಿ ಎಚ್ಚರವಿರಬೇಕಲ್ಲ.) ಹಾಗಾಗಿ ನನ್ನ ಕೈಲಾಗುತ್ತದೆ ಅಂತ ತೋರಿಸಲೇಬೇಕಿತ್ತು. ಆದರೆ ಹೇಗೆ ಅಂತ ನನಗೆ ತೋರಿಸಿಕೊಡುವವರು ಯಾರು?

ರಾಮನಗರದ ನಮ್ಮ ವಠಾರದಲ್ಲಿ ಆರು ಮನೆ. ಎಲ್ಲಾ ಫ್ಯಾಕ್ಟರಿ ಸಂಸಾರಗಳೇ. ಆರು ಗಂಡ, ಆರು ಹೆಂಡತಿ, ಐದು ಕೂಸು. ಅಜ್ಜಿ ಮಾತ್ರ ಒಂದು ಮನೆಯಲ್ಲೂ ಇಲ್ಲ. ಅಮ್ಮ ಇಲ್ಲದ ನನಗೆ ತವರಿನಿಂದ ಸಲಹೆ ತರಿಸುವ ದಾರಿಯೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಹೊಸದಾಗಿ ಬ್ರೌಸಿಂಗ್ ಸೆಂಟರ್ ಬಂದಿತ್ತು. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದೇ ಕೈಯಲ್ಲಿ ಟೈಪ್ ಮಾಡಿ, ಪ್ರಿಂಟ್‌ಔಟ್ ತೆಗೆಸಿ ತಂದೆ. ಅಡುಗೆಮನೆಯ ಗೋಡೆಗೆಲ್ಲಾ ಅಂಟಿಸಿದೆ.

ಮೊದಲನೆಯದು, ಹಲ್ಲು ಬರುವ ಮಕ್ಕಳಿಗೆ ಬಿಸ್ಕತ್ತು. ಓವನ್‌ನಲ್ಲಿ ಬೇಯಿಸಿ ಅಂತ ಬರೆದಿತ್ತು. ನನ್ನ ಹತ್ತಿರ ಇದ್ದದ್ದು ಕುಕ್ಕರ್. ತಳಕ್ಕೆ ಮರಳು ಹಾಕಿ ಬೇಯಿಸಿದೆ. ಯಜಮಾನರು ಅದನ್ನು ನೆಲಕ್ಕೆ ಕುಟ್ಟಿ ನೋಡಿ "ಇದ್ರಲ್ಲಿ ಮೊಳೆ ಹೊಡೀಬೋದು" ಅಂದರು. ಮಗಳು ಒಂದು ಸಲ ನೆಕ್ಕಿ, ನನ್ನ ಮುಖ ನೋಡಿ, ಎಸೆದಳು. ಕುಂಬಳಕಾಯಿ ಬೇಯಿಸಿ ಕಿವುಚಿದ್ದು ಮಾತ್ರ ಪಾಸಾಯಿತು.

ಆಮೇಲೆ ಬಂತು ಕ್ರಾಫ್ಟು. ತೊಟ್ಟಿಲ ಮೇಲೆ ಉಂಡೆಗಳನ್ನು ದಾರದಲ್ಲಿ ಇಳಿಬಿಟ್ಟರೆ ಮಗುವಿನ ದೃಷ್ಟಿ ನಿಲ್ಲುತ್ತದಂತೆ, ಬುದ್ಧಿ ಚುರುಕಾಗುತ್ತದಂತೆ. ಕಪ್ಪು-ಬಿಳುಪು ಪ್ರಿಂಟ್‌ಔಟ್‌ನಲ್ಲಿ ಉಂಡೆ ಎಂಥದ್ದು ಅಂತ ಕಾಣುತ್ತಿರಲಿಲ್ಲ. ಫೋಮ್ ಇರಬೇಕು. ರೇಷ್ಮೆಯ ಊರು ರಾಮನಗರದಲ್ಲಿ ಹುಟ್ಟಿದವಳು ಫೋಮ್ ಉಂಡೆ ಹುಡುಕಿಕೊಂಡು ಹೋಗುತ್ತಾಳೆಯೇ?

ವಠಾರದಾಚೆ ಎದುರು ಮನೆಯ ಶಾಹೀನ್ ಅಕ್ಕನ ಹಿತ್ತಲಲ್ಲೇ ರೇಷ್ಮೆ ನೂಲು ತೆಗೆಯುತ್ತಾರೆ. ಎರಡು ಹಿಡಿ ಗೂಡು ಕೇಳಿದೆ. ಅವರು ಬಿಳಿ, ಹಳದಿ ಎರಡೂ ಥರ ಆರಿಸಿ, ಒಂದೊಂದನ್ನೇ ಒತ್ತಿ ನೋಡಿ ಕೊಟ್ಟರು. "ಇವತ್ತೇ ಮಾರ್ಕೆಟ್‌ನಿಂದ ಬಂದಿದ್ದು ಮೇಡಂ, ಫಸ್ಟ್ ಕ್ಲಾಸ್." ಬಣ್ಣ ಬಳಿಯುವ ಕೆಲಸವೂ ಇಲ್ಲ. ದಾರದಲ್ಲಿ ಕಟ್ಟಿ ತೂಗುಬಿಟ್ಟೆ. ಮಗಳು ಕೈಕಾಲು ಬಡಿದು ಕೇಕೆ ಹಾಕಿದಳು. ಅಬ್ಬಾ, ನಾನೂ ಏನೋ ಮಾಡಿದೆ!

ಗೂಡಿನೊಳಗೆ ಜೀವಂತ ಹುಳು ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ಚಿಟ್ಟೆಯಾಗಿ ಹೊರಗೆ ಬರುವುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನಮ್ಮೂರಲ್ಲಿ ಅಷ್ಟು ದಿನ ಕಾಯುವವರು ಯಾರು? ಗೂಡು ಮಾರ್ಕೆಟ್ಟಿಗೆ ಬರುತ್ತದೆ, ಬಿಸಿನೀರಿಗೆ ಬೀಳುತ್ತದೆ, ನೂಲಾಗುತ್ತದೆ. ನಾನು ಕಟ್ಟಿದ ಗೂಡುಗಳು ವಾರ ಪೂರ್ತಿ ತೊಟ್ಟಿಲ ಮೇಲೆ ಹಾಯಾಗಿದ್ದು, ಸರಿಯಾಗಿ ಅತ್ತೆ ಬರುವ ಬೆಳಗ್ಗೆ ತೂತು ಬಿದ್ದವು.

"ಅಯ್ಯೋ ಮಗೀಗೇನಾಯ್ತವ್ವ? ರಕ್ತವಾ ಇದು?" ಅತ್ತೆ ಮಗುವನ್ನು ಬಾಚಿ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಗು ನಗುತ್ತಿತ್ತು. ಆಮೇಲೆ ತಲೆಯೆತ್ತಿದರು. ಇನ್ನೊಂದು ಚಿಟ್ಟೆ ಅರ್ಧ ಹೊರಗೆ ಬಂದು, ಕಂದು ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿತ್ತು.

"ಹಸಿ ಗೂಡು ಕಟ್ಟಿದ್ದೀಯಾ? ಒಸಿನೂ ಬೇಯಿಸ್ದೇನೇ?"

ನಾನು ತಲೆ ತಗ್ಗಿಸಿದೆ. ಮುಗಿಯಿತು, ಮಗಳು ಬೈರಾಪಟ್ಟಣದ ಪಾಲು ಅಂದುಕೊಂಡೆ.

ಅತ್ತೆ ಮಗುವಿನ ಸಮೇತ ನೆಲಕ್ಕೆ ಕೂತು ನಗಲು ಶುರುಮಾಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. "ಮದ್ವೆಯಾದಾಗಿಂದ ಹುಳ ಸಾಕಿವ್ನಿ. ತೊಟ್ಲು ಮ್ಯಾಲೆ ಚಿಟ್ಟೆ ಎಬ್ಬಿಸ್ದೋಳ್ನ ನಿನ್ನೊಬ್ಳನ್ನೇ ನೋಡಿದ್ದು ಕಣವ್ವ."

ನಗು ನಿಂತ ಮೇಲೆ ಅವರ ಕಣ್ಣು ಅಡುಗೆಮನೆಯ ಗೋಡೆಗೆ ಹೋಯಿತು. "ಅದೇನು ಅಷ್ಟೊಂದು ಕಾಗ್ದ?" ಅತ್ತೆಗೆ ಓದಲು ಬರುವುದಿಲ್ಲ. ಕಂಪ್ಯೂಟರ್‌ನಿಂದ ತೆಗೆಸಿದ್ದು ಅಂತ ಹೇಳಿ, ಒಂದೊಂದಾಗಿ ಓದಿದೆ. ಬಿಸ್ಕತ್ತು, ಕುಂಬಳಕಾಯಿ, ಬಟ್ಟೆ ಗೊಂಬೆ.

"ಇಷ್ಟೆಲ್ಲಾ ಯಾವಾಗ ಮಾಡ್ತೀಯ?"

"ಮಗು ಮಲಗಿದಾಗ, ಅತ್ತೆ."

"ಮತ್ತೆ ನೀನ್ ಯಾವಾಗ ಮಲಗ್ತೀಯ?"

ಈ ಪ್ರಶ್ನೆಯನ್ನು ಏಳು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಯಾವ ವೆಬ್‌ಸೈಟೂ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಹೀಗೆ ಬರೆಯಲು ನಾಚಿಕೆಯೇನಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ.

"ವೋಗು, ಮಲಕ್ಕೊ ವೋಗು" ಎಂದು ಗದರಿದರು. ಮಲಗಿದೆ. ಎದ್ದಾಗ ಹನ್ನೊಂದೂವರೆ. ಮನೆ ತುಂಬಾ ರಾಗಿ ಹುರಿದ ಘಮ. ಮಗಳು ಅತ್ತೆಯ ಕಾಲ ಮೇಲೆ ಕೂತು ರಾಗಿ ಸರಿ ನೆಕ್ಕುತ್ತಿದ್ದಳು, ಕಿವಿಯವರೆಗೂ ಮೆತ್ತಿಕೊಂಡು. ಒಲೆಯ ಮುಂದೆ ಶಾಹೀನ್ ಅಕ್ಕ. ಇಬ್ಬರೂ ಸೇರಿ, ಇನ್ನು ಚಿಟ್ಟೆ ಏಳದಂತೆ, ಉಳಿದ ಗೂಡುಗಳಿಗೆ ನನ್ನ ಇಡ್ಲಿ ಪಾತ್ರೆಯಲ್ಲಿ ಆವಿ ಕೊಟ್ಟು ಬಿಸಿಲಿಗೆ ಹರವಿದ್ದರು. (ಆ ಪಾತ್ರೆಯಲ್ಲಿ ನಾನು ಮತ್ತೆ ಇಡ್ಲಿ ಮಾಡಿಲ್ಲ. ಯಜಮಾನರಿಗೆ ಕಾರಣ ಹೇಳಿಲ್ಲ, ನೀವೂ ಹೇಳಬೇಡಿ.) ಮಾರನೆಯ ದಿನ ಅತ್ತೆಯೇ ಅವನ್ನು ಪೋಣಿಸಿ, ಸ್ಟೂಲ್ ಹತ್ತಿ ಕಟ್ಟಿದರು.

"ಮಗು ಬಡಕಲಲ್ಲ, ನೀನೇ ಬಡಕಲು" ಅಂದರು ಹೊರಡುವಾಗ. "ಮಗು ಇಲ್ಲೇ ಇರ್ಲಿ. ವಾರಕ್ಕೊಂದ್ಸಲ ನಾನೇ ಬತ್ತೀನಿ."

ಮಗುವನ್ನು ಸುತ್ತಿಕೊಂಡು ಹೋಗಲು ಅವರು ಮೆತ್ತಗಿನ ಹಳೇ ಸೀರೆಯೊಂದನ್ನು ಒಗೆದು ಮಡಿಸಿ ತಂದಿದ್ದರು. ಅದನ್ನು ಹಾಗೇ ಚೀಲಕ್ಕೆ ತುರುಕಿಕೊಂಡರು. ನಾನು ಎಂಥ ಖುಷಿಯಲ್ಲಿದ್ದೆ ಅಂದರೆ, ಅದನ್ನು ನೋಡಿಯೂ ನೋಡಲಿಲ್ಲ. ಗೆದ್ದವರಿಗೆ ಹಾಗೆಯೇ, ಎದುರಿಗಿದ್ದವರ ಮುಖ ಕಾಣುವುದು ಸ್ವಲ್ಪ ತಡ.

ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ಮಗುವಿನ ಕಾಲು ಹಿಡಿದುಕೊಂಡೇ ಕೇಳಿದರು:

"ಅಲ್ಲವ್ವ, ಮೊಮ್ಮಗೀನ ಬುಟ್ಟು ಊರಿಗೋಗೋ ಅಜ್ಜೀರು ಏನ್ ಮಾಡ್ಬೇಕು ಅಂತ ಬರ್ದಿಲ್ವಾ ಆ ಕಂಪ್ಯೂಟರ್‌ನಾಗೆ?"